ಮನೋವ್ಯಾಧಿಯ ಉಪಶಮನದಲ್ಲಿ ಯೋಗಾಭ್ಯಾಸದ ಸ್ಥಾನ

ಶರೀರಕ್ಕೆ ಜ್ವರ ಬಂದಾಗ ಅದನ್ನು ನೆರೆಹೊರೆಯವರಿಗೆ ತಿಳಿಸಲು ನಾವು ಸಂಕೋಚಪಡುವುದಿಲ್ಲ. ವೈದ್ಯರನ್ನು ಕಾಣುತ್ತೇವೆ, ಔಷಧವನ್ನು ತರುತ್ತೇವೆ, ಗಂಜಿ ಕಾಯಿಸಿ ಕುಡಿಸುತ್ತೇವೆ. ಬಂಧುಗಳು ಬಂದು ವಿಚಾರಿಸಿದರೆ ಸಂತೋಷಪಡುತ್ತೇವೆ. ಆದರೆ ಮನಸ್ಸಿಗೆ ವ್ಯಾಧಿ ತಗಲಿತೆಂದರೆ ಮನೆಯ ಬಾಗಿಲನ್ನು ಮುಚ್ಚಿಕೊಳ್ಳುತ್ತೇವೆ. ವ್ಯಾಧಿಗೆ ಗುರಿಯಾದವಳು ವಿವಾಹಕ್ಕೆ ಬಂದ ಮಗಳಾಗಿದ್ದರಂತೂ ಆ ಬಾಗಿಲು ಇನ್ನೂ ಬಿಗಿಯಾಗುತ್ತದೆ. ಹೀಗೆ ಎಷ್ಟೋ ಹೆಣ್ಣುಮಕ್ಕಳು ಗುಣವಾಗಬಹುದಾದ ವ್ಯಾಧಿಯನ್ನು ವರ್ಷಗಟ್ಟಲೆ ಮೌನದಲ್ಲಿ ಅನುಭವಿಸುತ್ತಾರೆ.

ಇತ್ತೀಚಿನ ದಿನಗಳಲ್ಲಿ ಆ ಮುಚ್ಚಿದ ಬಾಗಿಲೊಳಗೆ ಒಂದು ಶಬ್ದವು ಸುಲಭವಾಗಿ ಪ್ರವೇಶಿಸಿರುತ್ತದೆ. ಅದು ಯೋಗ. ಮಗಳನ್ನು ಮನೋವೈದ್ಯರ ಬಳಿಗೆ ಕರೆದೊಯ್ಯಲು ನಾಚುವ ತಂದೆತಾಯಿಗಳು ಯೋಗದ ತರಗತಿಗೆ ಕಳುಹಿಸಲು ನಾಚುವುದಿಲ್ಲ. ಇದರಲ್ಲಿ ಒಂದು ಹಿತವೂ ಉಂಟು, ಒಂದು ಅಪಾಯವೂ ಉಂಟು. ಹಿತವೇನೆಂಬುದನ್ನೂ ಅಪಾಯವೇನೆಂಬುದನ್ನೂ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಅವರ ಮಾತಾಪಿತೃಗಳಿಗೂ ವಿವರಿಸಬೇಕೆಂಬುದೇ ಈ ಲೇಖನದ ಉದ್ದೇಶ. ನಾವು ಹೇಳತಕ್ಕದ್ದನ್ನು ಮೊದಲೇ ಸಂಕ್ಷೇಪವಾಗಿ ಹೇಳಿಬಿಡುತ್ತೇವೆ: ಯೋಗಾಭ್ಯಾಸವು ಚಿಕಿತ್ಸೆಗೆ ಒಳ್ಳೆಯ ಸಂಗಾತಿ, ಚಿಕಿತ್ಸೆಯ ಸ್ಥಾನದಲ್ಲಿ ನಿಲ್ಲತಕ್ಕದ್ದಲ್ಲ.

ಮನೋವ್ಯಾಧಿಯೆಂದರೇನು?

ದುಃಖ, ಭಯ, ಕೋಪಗಳು ಮನುಷ್ಯಮಾತ್ರರಿಗೆ ಸಹಜವಾದುವು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆ ಬಾರದಿದ್ದರೆ ಅದು ವ್ಯಾಧಿಯಲ್ಲ. ಆದರೆ ವಾರಗಟ್ಟಲೆ ಮನಸ್ಸು ಮಂಕಾಗಿ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಊಟ ಸೇರದೆ, ಬೆಳಗಿನ ಜಾವದಲ್ಲೇ ಎಚ್ಚರವಾಗಿ, ತಾನು ಯಾತಕ್ಕೂ ಬಾರದವಳೆಂಬ ಭಾವನೆ ಬಲಿಯುತ್ತಿದ್ದರೆ ಅದು ಖಿನ್ನತೆಯೆಂಬ ರೋಗ. ಕಾರಣವಿಲ್ಲದೆ ಎದೆ ಬಡಿದುಕೊಂಡು, ಕೈಕಾಲು ಬೆವರಿ, ಏನೋ ಅನಾಹುತವಾಗುವುದೆಂಬ ಕಳವಳ ಪದೇ ಪದೇ ಬರುತ್ತಿದ್ದರೆ ಅದು ಆತಂಕದ ರೋಗ. ಇಲ್ಲದ ಧ್ವನಿಗಳು ಕಿವಿಗೆ ಕೇಳಿಸುವ, ಮನೆಯವರೇ ಶತ್ರುಗಳೆಂದು ತೋರುವ ಇನ್ನೂ ತೀವ್ರವಾದ ವ್ಯಾಧಿಗಳಿವೆ. ಅವುಗಳಲ್ಲಿ ಸ್ಕಿಜೋಫ್ರೀನಿಯಾ ಒಂದು. ಹೆರಿಗೆಯ ತರುವಾಯ ಕೆಲವು ಬಾಣಂತಿಯರಿಗೆ ಬರುವ ಖಿನ್ನತೆಯನ್ನು ಮನೆಯವರು ಬರಿಯ ಆಯಾಸವೆಂದು ಬಗೆದು ಕಡೆಗಣಿಸುವುದುಂಟು.

ಈ ವ್ಯಾಧಿಗಳಿಗೆ ವಂಶಗುಣ, ಮಿದುಳಿನ ವ್ಯವಹಾರದಲ್ಲಿ ಆಗುವ ವ್ಯತ್ಯಾಸ, ಬಾಲ್ಯದ ಕಷ್ಟಗಳು, ಅಗಲಿಕೆ, ಹಿಂಸೆ, ದಾರಿದ್ರ್ಯ ಮೊದಲಾದವುಗಳು ಒಟ್ಟುಗೂಡಿ ಕಾರಣವಾಗುತ್ತವೆ. ಇದು ಶಾಪವಲ್ಲ, ಪಾಪದ ದಂಡನೆಯಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಸತ್ಯವೇದವನ್ನು ಓದಿದವರಿಗೆ ಎಲೀಯನ ವೃತ್ತಾಂತವು ತಿಳಿದೇ ಇರುತ್ತದೆ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ಧೈರ್ಯವಾಗಿ ನಿಂತ ಪ್ರವಾದಿಯು ಸ್ವಲ್ಪ ಕಾಲದಲ್ಲಿಯೇ ಅರಣ್ಯಕ್ಕೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು, ಮರಣವನ್ನು ಬೇಡಿಕೊಂಡನು. ಆಗ ಬಂದ ದೇವದೂತನು ಆತನನ್ನು ಗದರಿಸಲಿಲ್ಲ, ಆತನಿಗೆ ಉಪದೇಶಮಾಡಲೂ ಇಲ್ಲ. ನಿದ್ರಿಸಲು ಬಿಟ್ಟನು, ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಪುನಃ ನಿದ್ರಿಸಲು ಬಿಟ್ಟು ಪುನಃ ಎಬ್ಬಿಸಿ ಉಣಿಸಿದನು. ಸೋತ ಮನಸ್ಸಿಗೆ ಮೊದಲು ಶರೀರದ ಮಾರ್ಗವಾಗಿಯೇ ಸಹಾಯವು ಬಂದಿತೆಂಬುದನ್ನು ನಾವು ಗಮನಿಸಬೇಕು.

ನಮ್ಮ ದೇಶದಲ್ಲಿ ಈ ವಿಷಯದ ತಿಳಿವಳಿಕೆ ಹೇಗೆ ಬೆಳೆಯಿತೆಂಬುದನ್ನು ಬೆಂಗಳೂರಿನ ಒಂದು ಸಂಸ್ಥೆಯ ಹೆಸರುಗಳೇ ಹೇಳುತ್ತವೆ. ೧೮೪೭ರಲ್ಲಿ ಅದು ‘ಹುಚ್ಚರ ಆಶ್ರಮ’ವೆಂಬ ಅರ್ಥದ ಹೆಸರಿನಿಂದ ಆರಂಭವಾಯಿತು. ೧೯೨೫ರಲ್ಲಿ ಮೈಸೂರು ಸರಕಾರದವರು ಆ ಹೆಸರನ್ನು ತೆಗೆದು ಮಾನಸಿಕ ಆಸ್ಪತ್ರೆಯೆಂದು ಕರೆದರು. ೧೯೫೪ರಲ್ಲಿ ಅದರ ಮಗ್ಗುಲಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ೧೯೭೪ರಲ್ಲಿ ಎರಡೂ ಕೂಡಿ ಇಂದು ಎಲ್ಲರೂ ಬಲ್ಲ ನಿಮ್ಹಾನ್ಸ್ ಆಯಿತು. ಸೆರೆಯಿಡುವ ಸ್ಥಳವು ಗುಣಪಡಿಸುವ ಸ್ಥಳವಾಗಲು ಇಷ್ಟು ಕಾಲ ಬೇಕಾಯಿತು.

ಯೋಗವೆಂದರೇನು?

ಯೋಗವೆಂದರೆ ದೇಹವನ್ನು ಬಳ್ಳಿಯಂತೆ ಬಳುಕಿಸುವ ಚಮತ್ಕಾರವೆಂದು ಅನೇಕರು ತಿಳಿದಿರುತ್ತಾರೆ. ಪತಂಜಲಿಯ ಸೂತ್ರಗಳಲ್ಲಿ ಯೋಗಕ್ಕೆ ಹೇಳಿರುವ ಗುರಿ ಮನಸ್ಸಿನ ಅಲೆದಾಟವನ್ನು ತಡೆದು ಶಾಂತಗೊಳಿಸುವುದೇ. ಅದಕ್ಕೆ ಎಂಟು ಅಂಗಗಳು: ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಆಸನವು ಎಂಟರಲ್ಲಿ ಒಂದು ಮಾತ್ರ. ಅದೂ ಸ್ಥಿರವಾಗಿಯೂ ಸುಖವಾಗಿಯೂ ಇರಬೇಕೆಂದು ಆ ಗ್ರಂಥದ ಅಭಿಪ್ರಾಯ. ಚಿಕಿತ್ಸೆಯ ಸಂದರ್ಭದಲ್ಲಿ ನಾವು ಯೋಗವೆನ್ನುವಾಗ ಸುಲಭವಾದ ಆಸನಗಳು, ನಿಧಾನವಾದ ಉಸಿರಾಟ, ವಿಶ್ರಾಂತಿ ಇವುಗಳನ್ನೇ ಮುಖ್ಯವಾಗಿ ಉದ್ದೇಶಿಸುತ್ತೇವೆ.

ಈ ವಿದ್ಯೆಯು ಇಂದಿನ ರೂಪದಲ್ಲಿ ಹರಡಿದುದರಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ೧೯೩೩ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ‘ಯೋಗ ಮಕರಂದ’ವೆಂಬ ತಮ್ಮ ಗ್ರಂಥವನ್ನು ೧೯೩೪ರಲ್ಲಿ ಕನ್ನಡದಲ್ಲಿಯೇ ಪ್ರಕಟಿಸಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರಲ್ಲಿ ಜನಿಸಿ, ಬಾಲ್ಯವನ್ನೆಲ್ಲ ರೋಗದಲ್ಲಿ ಕಳೆದಿದ್ದ ಒಬ್ಬ ಬಾಲಕನು ಹದಿಹರೆಯದಲ್ಲಿ ಅಲ್ಲಿಗೆ ಸೇರಿ, ವರ್ಷಗಳ ಅಭ್ಯಾಸದಿಂದ ಆರೋಗ್ಯವನ್ನು ಪಡೆದನು. ಆತನೇ ಜಗತ್ಪ್ರಸಿದ್ಧರಾದ ಬಿ.ಕೆ.ಎಸ್. ಅಯ್ಯಂಗಾರ್ಯರು. ಸ್ತ್ರೀಯರಿಗೆ ಯೋಗವು ತಕ್ಕದ್ದಲ್ಲವೆಂಬ ಅಭಿಪ್ರಾಯವು ಬಲವಾಗಿದ್ದ ಆ ಕಾಲದಲ್ಲಿಯೇ, ಯುರೋಪಿನಿಂದ ಬಂದ ಇಂದ್ರಾದೇವಿ ಎಂಬ ಮಹಿಳೆಯು ಹಟಹಿಡಿದು ಕೃಷ್ಣಮಾಚಾರ್ಯರ ಶಿಷ್ಯೆಯಾದಳು. ಹೆಣ್ಣುಮಕ್ಕಳ ಶಾಲೆಯವರಾದ ನಾವು ಇದನ್ನು ಮರೆಯಲಾಗದು.

ಅಭ್ಯಾಸವು ಹೇಗೆ ಸಹಾಯಮಾಡುತ್ತದೆ?

ಭಯಪಟ್ಟಾಗ ಉಸಿರು ಮೇಲೆ ಮೇಲೆ, ಬೇಗ ಬೇಗ ಆಡುವುದನ್ನು ಎಲ್ಲರೂ ಬಲ್ಲರು. ನಮ್ಮ ಶರೀರದಲ್ಲಿ ನಮ್ಮ ಅಪ್ಪಣೆಗೆ ಕಾಯದೆ ನಡೆಯುವ ಎರಡು ನರವ್ಯೂಹಗಳಿವೆ. ಒಂದು ಅಪಾಯಕಾಲದಲ್ಲಿ ಎದೆಬಡಿತವನ್ನು ಹೆಚ್ಚಿಸಿ, ಸ್ನಾಯುಗಳನ್ನು ಬಿಗಿಗೊಳಿಸಿ, ಓಡಲು ಅಥವಾ ಹೋರಾಡಲು ಸಿದ್ಧಪಡಿಸುತ್ತದೆ. ಮತ್ತೊಂದು ಅಪಾಯವು ಕಳೆದ ಮೇಲೆ ಎಲ್ಲವನ್ನೂ ಶಾಂತಸ್ಥಿತಿಗೆ ತರುತ್ತದೆ. ಆತಂಕರೋಗದಲ್ಲಿ ಮೊದಲನೆಯದು ಅಪಾಯವಿಲ್ಲದಾಗಲೂ ಎಚ್ಚರವಾಗಿಯೇ ಇರುತ್ತದೆ. ಎದೆಯ ಬಡಿತಕ್ಕೆ ‘ನಿಲ್ಲು’ ಎಂದು ಅಪ್ಪಣೆಮಾಡಲು ನಮಗೆ ಶಕ್ಯವಿಲ್ಲ. ಉಸಿರಿಗೆ ‘ನಿಧಾನವಾಗು’ ಎಂದು ಹೇಳಲು ಶಕ್ಯವುಂಟು. ಉಸಿರನ್ನು ಹೊರಕ್ಕೆ ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ಎಂಬ ನರದ ಪ್ರಭಾವವು ಹೆಚ್ಚಾಗಿ ಎದೆಬಡಿತವು ತಗ್ಗುತ್ತದೆ. ಆದಕಾರಣ ಉಸಿರನ್ನು ಒಳಕ್ಕೆ ಎಳೆಯುವುದಕ್ಕಿಂತ ಹೊರಕ್ಕೆ ಬಿಡುವುದನ್ನು ಸ್ವಲ್ಪ ದೀರ್ಘವಾಗಿ ಮಾಡುವ ಅಭ್ಯಾಸವು ಶರೀರದ ಮೂಲಕ ಮನಸ್ಸಿಗೆ ಸಮಾಧಾನದ ಸಮಾಚಾರವನ್ನು ಕಳುಹಿಸುತ್ತದೆ.

ಎರಡನೆಯದು ದೇಹದ ಚಲನೆ. ಖಿನ್ನತೆಯುಳ್ಳವಳು ಏನೂ ಮಾಡಲಾರದೆ ಮಲಗಿಯೇ ಇರುತ್ತಾಳೆ. ಮಲಗಿದಷ್ಟೂ ಖಿನ್ನತೆಯು ಹೆಚ್ಚುತ್ತದೆ. ಮಿತವಾದ ವ್ಯಾಯಾಮವು ಈ ಬಳಸನ್ನು ಮುರಿದು ನಿದ್ರೆಗೂ ಹಸಿವಿಗೂ ನೆರವಾಗುತ್ತದೆ. ಮೂರನೆಯದು ಗಮನ. ಹಳೆಯ ನೋವನ್ನು ಮೆಲುಕುಹಾಕುವ ಮನಸ್ಸಿಗೆ, ಎತ್ತಿದ ಕೈಯನ್ನೂ ಒಳಬರುವ ಉಸಿರನ್ನೂ ಗಮನಿಸುವ ಕೆಲಸವನ್ನು ಕೊಟ್ಟರೆ ಅಷ್ಟು ಹೊತ್ತು ಅದಕ್ಕೆ ವಿರಾಮ. ನಾಲ್ಕನೆಯದೇ ನಮ್ಮ ಎಣಿಕೆಯಲ್ಲಿ ದೊಡ್ಡದು. ರೋಗಿಗೆ ಬೇರೆಯವರು ಔಷಧ ಕೊಡುತ್ತಾರೆ, ಬೇರೆಯವರು ಊಟ ಬಡಿಸುತ್ತಾರೆ, ಬೇರೆಯವರು ತೀರ್ಮಾನಗಳನ್ನು ಮಾಡುತ್ತಾರೆ. ಯೋಗಾಭ್ಯಾಸವೊಂದನ್ನು ಆಕೆಯೇ ಮಾಡಬೇಕು. ದಿನಕ್ಕೆ ಇಪ್ಪತ್ತು ನಿಮಿಷ ತನ್ನ ಶರೀರವು ತನ್ನ ಮಾತನ್ನು ಕೇಳಿತೆಂಬ ಅನುಭವವು ಆಕೆಯ ಆತ್ಮಗೌರವಕ್ಕೆ ಮೊದಲನೆಯ ಮೆಟ್ಟಿಲಾಗುತ್ತದೆ.

ಪರೀಕ್ಷೆಗಳು ಏನನ್ನು ತೋರಿಸಿವೆ?

ಈ ಮಾತುಗಳು ಬರಿಯ ಹೊಗಳಿಕೆಯಲ್ಲವೆಂದು ತೋರಿಸಲು ಮೂರು ಪರೀಕ್ಷೆಗಳನ್ನು ಹೇಳುತ್ತೇವೆ. ತೀವ್ರವಾದ ಖಿನ್ನತೆಯಿಂದ ಆಸ್ಪತ್ರೆಗೆ ಸೇರಿದ್ದ ೪೫ ಮಂದಿಯನ್ನು ನಿಮ್ಹಾನ್ಸ್ ವೈದ್ಯರು ತಲಾ ೧೫ ಮಂದಿಯಂತೆ ಮೂರು ಗುಂಪುಮಾಡಿ, ಒಂದಕ್ಕೆ ವಿದ್ಯುತ್ ಚಿಕಿತ್ಸೆಯನ್ನೂ, ಇನ್ನೊಂದಕ್ಕೆ ಇಮಿಪ್ರಮಿನ್ ಎಂಬ ಔಷಧವನ್ನೂ, ಮತ್ತೊಂದಕ್ಕೆ ಸುದರ್ಶನ ಕ್ರಿಯೆಯೆಂಬ ಉಸಿರಾಟದ ಅಭ್ಯಾಸವನ್ನೂ ಕೊಟ್ಟರು. ೨೦೦೦ದಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಾಲ್ಕು ವಾರಗಳ ಕೊನೆಯಲ್ಲಿ ರೋಗಲಕ್ಷಣಗಳು ಇಳಿದುಹೋದವರು ಕ್ರಮವಾಗಿ ನೂರಕ್ಕೆ ೯೩, ೭೩ ಮತ್ತು ೬೭. ಅಂದರೆ ಅಭ್ಯಾಸವು ಆ ಔಷಧದ ಸಮೀಪಕ್ಕೆ ಬಂದಿತು. ವಿದ್ಯುತ್ ಚಿಕಿತ್ಸೆಯ ಸಮಕ್ಕೆ ಬರಲಿಲ್ಲ. ರೋಗಿಗಳ ಸಂಖ್ಯೆಯು ಚಿಕ್ಕದು. ಅವರೆಲ್ಲರೂ ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿಗಿದ್ದವರು. ಇದನ್ನು ಓದಿ ಯಾರೂ ಮನೆಯಲ್ಲಿ ಔಷಧವನ್ನು ಬಿಡತಕ್ಕದ್ದಲ್ಲ.

ಅದೇ ಸಂಸ್ಥೆಯಲ್ಲಿ ನಡೆದು ೨೦೦೭ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಸ್ಕಿಜೋಫ್ರೀನಿಯಾ ಇದ್ದ ೬೧ ಮಂದಿಯಲ್ಲಿ ೩೧ ಮಂದಿಗೆ ಯೋಗವನ್ನೂ ೩೦ ಮಂದಿಗೆ ಸಾಮಾನ್ಯ ವ್ಯಾಯಾಮವನ್ನೂ ಕಲಿಸಿದರು. ನಾಲ್ಕು ತಿಂಗಳ ಮೇಲೆ ನೋಡಲಾಗಿ ಯೋಗದ ಗುಂಪಿನವರ ಸ್ಥಿತಿಯು ಹೆಚ್ಚು ಉತ್ತಮವಾಗಿತ್ತು. ಆದರೆ ಎರಡು ಗುಂಪಿನವರೂ ತಮ್ಮ ಔಷಧವನ್ನು ತೆಗೆದುಕೊಳ್ಳುತ್ತಲೇ ಇದ್ದರು. ಇಲ್ಲಿ ಯೋಗವು ಔಷಧದ ಕೈಹಿಡಿದು ನಡೆಯಿತು. ಅದನ್ನು ತಳ್ಳಿ ನಡೆಯಲಿಲ್ಲ.

ಮೂರನೆಯದು ಅಮೆರಿಕದ ಬಾಸ್ಟನ್ ನಗರದ್ದು, ೨೦೧೪ರಲ್ಲಿ ಪ್ರಕಟವಾದದ್ದು. ಹಿಂದೆ ಅನುಭವಿಸಿದ ಹಿಂಸೆಯ ನೆನಪಿನಿಂದ ಬಹುಕಾಲ ಬಳಲಿದ್ದ, ಬೇರೆ ಚಿಕಿತ್ಸೆಯಿಂದ ಸಾಕಷ್ಟು ಗುಣಕಾಣದ ೬೪ ಮಂದಿ ಸ್ತ್ರೀಯರು ಅದರಲ್ಲಿದ್ದರು. ಕೆಲವರಿಗೆ ಹತ್ತು ವಾರ, ವಾರಕ್ಕೊಂದು ಗಂಟೆಯಂತೆ ಮೃದುವಾದ ಯೋಗವನ್ನು ಕಲಿಸಿದರು. ಉಳಿದವರಿಗೆ ಆರೋಗ್ಯಶಿಕ್ಷಣವನ್ನು ಕೊಟ್ಟರು. ಕೊನೆಯಲ್ಲಿ ಯೋಗದ ಗುಂಪಿನ ೩೧ ಮಂದಿಯಲ್ಲಿ ೧೬ ಮಂದಿಗೆ ಆ ರೋಗದ ಲಕ್ಷಣಗಳು ರೋಗವೆನ್ನುವ ಮಟ್ಟದಲ್ಲಿ ಉಳಿದಿರಲಿಲ್ಲ. ಇನ್ನೊಂದು ಗುಂಪಿನ ೨೯ ಮಂದಿಯಲ್ಲಿ ಹಾಗಾದವರು ೬ ಮಂದಿ ಮಾತ್ರ. ಹಿಂಸೆಗೆ ಒಳಗಾದವಳಿಗೆ ತನ್ನ ಶರೀರವೇ ಭಯದ ಸ್ಥಾನವಾಗಿರುತ್ತದೆ. ಅದರಲ್ಲಿ ಪುನಃ ನಿರ್ಭಯವಾಗಿ ವಾಸಿಸಲು ಕಲಿಯುವುದು ಎಷ್ಟು ದೊಡ್ಡ ಬಿಡುಗಡೆಯೆಂಬುದನ್ನು ನಮ್ಮ ಸಹೋದರಿಯರು ಊಹಿಸಬಲ್ಲರು.

ಔಷಧವನ್ನು ಬಿಡಬಹುದೇ?

ಪೋಷಕರು ನಮ್ಮನ್ನು ಮುಖ್ಯವಾಗಿ ಕೇಳುವ ಪ್ರಶ್ನೆ ಇದೇ. ಸಂಗತಿಯು ಸಾಮಾನ್ಯವಾಗಿ ನಡೆಯುವ ಬಗೆಯನ್ನು ಹೇಳುತ್ತೇವೆ. ಹುಡುಗಿಯು ಕೆಲವು ತಿಂಗಳು ಮಾತ್ರೆಗಳನ್ನು ತೆಗೆದುಕೊಂಡು ಗುಣಮುಖಳಾಗುತ್ತಾಳೆ. ಅಷ್ಟರಲ್ಲಿ ಸಂಬಂಧವೊಂದು ಕೂಡಿಬರುತ್ತದೆ. ಗಂಡಿನ ಮನೆಯವರ ಕಣ್ಣಿಗೆ ಮಾತ್ರೆಗಳು ಬೀಳಬಾರದೆಂದು ಹಿರಿಯರು ಅವುಗಳನ್ನು ನಿಲ್ಲಿಸುತ್ತಾರೆ. ‘ಯೋಗಮಾಡಿದರೆ ಸಾಕು’ ಎಂದು ಧೈರ್ಯ ಹೇಳುತ್ತಾರೆ. ಕೆಲವು ವಾರ ಎಲ್ಲವೂ ಸರಿಯಾಗಿ ತೋರುತ್ತದೆ. ಆಮೇಲೆ ನಿದ್ರೆ ಕೆಡುತ್ತದೆ, ಮಾತು ಕಡಿಮೆಯಾಗುತ್ತದೆ, ಹೊಸ ಮನೆಯಲ್ಲಿ, ಆಕೆಯ ಸ್ಥಿತಿಯನ್ನರಿಯದವರ ನಡುವೆ, ವ್ಯಾಧಿಯು ಮರುಕಳಿಸುತ್ತದೆ. ಆಗ ಯೋಗವೂ ನಿಷ್ಪ್ರಯೋಜಕವೆನ್ನಿಸಿಕೊಳ್ಳುತ್ತದೆ, ಹುಡುಗಿಯೂ ಅಪವಾದಕ್ಕೆ ಗುರಿಯಾಗುತ್ತಾಳೆ. ನಿಜವಾದ ತಪ್ಪು ಎಲ್ಲಿತ್ತೆಂಬುದನ್ನು ಯಾರೂ ಹೇಳುವುದಿಲ್ಲ.

ಮನಸ್ಸಿನ ಔಷಧಗಳನ್ನು ಥಟ್ಟನೆ ನಿಲ್ಲಿಸಬಾರದು. ಅನೇಕ ವೇಳೆ ಲಕ್ಷಣಗಳು ಇಳಿದ ಮೇಲೂ ಕೆಲವು ತಿಂಗಳು, ಕೆಲವು ವ್ಯಾಧಿಗಳಲ್ಲಿ ವರ್ಷಗಳೇ, ಅವುಗಳನ್ನು ತೆಗೆದುಕೊಳ್ಳಬೇಕಾಗುತ್ತದೆ. ಅಭ್ಯಾಸದಿಂದ ಗುಣವು ಹೆಚ್ಚಿ ಔಷಧದ ಪ್ರಮಾಣವನ್ನು ತಗ್ಗಿಸಬಹುದೆಂದು ತೋರಿದರೆ ಅದನ್ನು ತೀರ್ಮಾನಿಸತಕ್ಕವರು ವೈದ್ಯರು. ಯೋಗಶಿಕ್ಷಕರಲ್ಲ, ಬಂಧುಗಳಲ್ಲ, ಈ ಲೇಖನವನ್ನು ಬರೆದ ನಾವೂ ಅಲ್ಲ. ಸಿಹಿಮೂತ್ರರೋಗಿಯು ಬೆಳಿಗ್ಗೆ ನಡೆಯಲು ಹೋಗುತ್ತಾನೆಂದು ಇನ್ಸುಲಿನ್ನನ್ನು ಬಿಡುವುದುಂಟೇ?

ಅಭ್ಯಾಸದ ಕ್ರಮ

ಆರಂಭದಲ್ಲಿ ನುರಿತ ಶಿಕ್ಷಕಿಯ ಸಮ್ಮುಖದಲ್ಲಿ ಕಲಿಯುವುದು ಉತ್ತಮ. ಆಕೆಗೆ ವ್ಯಾಧಿಯ ವಿಷಯವನ್ನು ಮರೆಮಾಡದೆ ತಿಳಿಸಬೇಕು. ವೈದ್ಯರಿಗೂ ಅಭ್ಯಾಸದ ವಿಷಯವನ್ನು ತಿಳಿಸಬೇಕು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಇಲ್ಲವೆ ಊಟವಾಗಿ ಮೂರು ನಾಲ್ಕು ಗಂಟೆಗಳಾದ ಮೇಲೆ, ಗಾಳಿಯಾಡುವ ಕೋಣೆಯಲ್ಲಿ ಜಮಖಾನವನ್ನು ಹಾಸಿಕೊಂಡು ಹೀಗೆ ಮಾಡಬಹುದು.

ಮೊದಲು ಐದು ನಿಮಿಷ ಕತ್ತು, ಭುಜ, ಮಣಿಕಟ್ಟು, ಮೊಣಕಾಲು, ಹರಡುಗಳನ್ನು ನಿಧಾನವಾಗಿ ತಿರುಗಿಸಿ ಸಡಿಲಿಸಬೇಕು. ನಂತರ ಹತ್ತು ನಿಮಿಷ ಆಸನಗಳು. ನೆಟ್ಟಗೆ ನಿಂತು ಉಸಿರೆಳೆಯುತ್ತ ಕೈಗಳನ್ನು ಮೇಲಕ್ಕೆತ್ತುವ ತಾಡಾಸನ. ಪಕ್ಕಕ್ಕೆ ಬಾಗುವ ಅರ್ಧಕಟಿಚಕ್ರಾಸನ. ಬೋರಲಾಗಿ ಮಲಗಿ ಎದೆಯನ್ನೆತ್ತುವ ಭುಜಂಗಾಸನ. ಮಂಡಿಯೂರಿ ಕುಳಿತು ಹಣೆಯನ್ನು ನೆಲಕ್ಕೆ ತಾಗಿಸುವ ಶಶಾಂಕಾಸನ. ನೋವಾಗುವ ತನಕ ಎಳೆಯಬಾರದು. ಆಮೇಲೆ ಐದು ನಿಮಿಷ ಅಂಗಾತನಾಗಿ ಮಲಗಿ, ಪಾದದಿಂದ ತಲೆಯವರೆಗೆ ಒಂದೊಂದೇ ಅಂಗವನ್ನು ಸಡಿಲಬಿಡುವ ಶವಾಸನ. ಆ ಹೆಸರು ರೋಗಿಯ ಮನಸ್ಸಿಗೆ ಹಿಡಿಸದಿದ್ದರೆ ವಿಶ್ರಾಂತಿಯೆಂದೇ ಕರೆಯಬಹುದು. ಕೊನೆಗೆ ಕುಳಿತುಕೊಂಡು ಐದು ನಿಮಿಷ ಉಸಿರಾಟ: ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಆರು ಎಣಿಸುವಷ್ಟು ಹೊತ್ತು ಹೊರಕ್ಕೆ, ನಡುವೆ ಉಸಿರನ್ನು ಕಟ್ಟಬಾರದು. ದುಂಬಿಯ ಝೇಂಕಾರದಂತೆ ಧ್ವನಿಮಾಡುತ್ತ ಉಸಿರುಬಿಡುವ ಭ್ರಾಮರಿಯನ್ನು ಮೂರು ನಾಲ್ಕು ಸಲ ಮಾಡಬಹುದು.

ಏಳಲಾರದಷ್ಟು ಖಿನ್ನತೆಯಿರುವ ದಿನ ಹಾಸಿಗೆಯಲ್ಲಿ ಕುಳಿತೇ ಹತ್ತು ನಿಧಾನವಾದ ಉಸಿರುಗಳನ್ನಾಡಿದರೂ ಅದು ಅಭ್ಯಾಸವೇ ಸರಿ. ತಾಯಿಯೋ ಅಕ್ಕನೋ ಪಕ್ಕದಲ್ಲಿ ಕುಳಿತು ತಾವೂ ಮಾಡಿದರೆ ನೂರು ಬುದ್ಧಿಮಾತುಗಳಿಗಿಂತ ಹೆಚ್ಚು ಪ್ರಯೋಜನವಾಗುತ್ತದೆ. ‘ಇಂದು ಮಾಡಲಿಲ್ಲವೇ?’ ಎಂದು ಗದರಿಸುವುದರಿಂದ ಅಭ್ಯಾಸವೇ ಇನ್ನೊಂದು ಹೊರೆಯಾಗುತ್ತದೆ.

ಎಚ್ಚರಿಕೆಗಳು

ಯೋಗದಿಂದ ಕೇಡೇ ಇಲ್ಲವೆಂಬುದು ಸರಿಯಲ್ಲ. ಕಪಾಲಭಾತಿ, ಭಸ್ತ್ರಿಕೆಗಳಂಥ ರಭಸದ ಉಸಿರಾಟವೂ, ಉಸಿರನ್ನು ಕಟ್ಟುವ ಕುಂಭಕವೂ ಮೂರ್ಛೆರೋಗ, ಹೃದ್ರೋಗ, ಅಧಿಕ ರಕ್ತದೊತ್ತಡ ಇರುವವರಿಗೂ ಗರ್ಭಿಣಿಯರಿಗೂ ತಕ್ಕುವಲ್ಲ. ಉನ್ಮಾದವು ಬಂದುಹೋಗುವ ವ್ಯಾಧಿಯುಳ್ಳವರಲ್ಲಿ ಇವು ಉದ್ರೇಕವನ್ನು ಹೆಚ್ಚಿಸಬಹುದು. ಇಲ್ಲದ ಧ್ವನಿಗಳು ಕೇಳಿಸುವವರು ಕಣ್ಣುಮುಚ್ಚಿ ಬಹಳ ಹೊತ್ತು ಧ್ಯಾನಕ್ಕೆ ಕುಳಿತರೆ ವ್ಯಾಧಿಯು ಕೆರಳುವ ಸಂಭವವುಂಟು. ಅವರಿಗೆ ಕಣ್ತೆರೆದು ಮಾಡುವ ಆಸನಗಳೇ ಲೇಸು. ಕೆಲವು ಮಾತ್ರೆಗಳಿಂದ ಎದ್ದುನಿಂತಾಗ ತಲೆತಿರುಗುವುದುಂಟಾದುದರಿಂದ ಮೆಲ್ಲಗೆ ಏಳಬೇಕು. ಲಿಥಿಯಂ ಸೇವಿಸುವವರು ಬಿಸಿಲಿನಲ್ಲಿ ಬಹಳ ಬೆವರುವಂತೆ ಶ್ರಮಪಡದೆ, ನೀರನ್ನು ಸಾಕಷ್ಟು ಕುಡಿಯಬೇಕು. ಬಾಣಂತಿಯರು ವೈದ್ಯರ ಅನುಮತಿಯಾದ ಮೇಲೆಯೇ ಆಸನಗಳನ್ನು ಆರಂಭಿಸಬೇಕು.

ಸಾಯಬೇಕೆಂಬ ಮಾತು, ಊಟನಿದ್ರೆಗಳನ್ನು ಪೂರ್ಣವಾಗಿ ಬಿಡುವುದು, ತನಗಾಗಲಿ ಶಿಶುವಿಗಾಗಲಿ ಕೇಡುಮಾಡುವ ಆಲೋಚನೆ ಇವು ತೋರಿದಾಗ ಅದು ಯೋಗದ ಸಮಯವಲ್ಲ. ಆಕೆಯನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ೨೦೨೨ರಲ್ಲಿ ಭಾರತ ಸರಕಾರದವರು ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿರುತ್ತಾರೆ. ಅದರ ಸಂಖ್ಯೆ ೧೪೪೧೬. ಹಗಲಾಗಲಿ ಇರುಳಾಗಲಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಬೇಕೆಂದು ನಮ್ಮ ವಿಜ್ಞಾಪನೆ.

ವಿಶ್ವಾಸಿಗಳು ಇದನ್ನು ಮಾಡಬಹುದೇ?

ಕ್ರೈಸ್ತ ಕುಟುಂಬಗಳಲ್ಲಿ ಈ ಸಂದೇಹವಿರುವುದು ಸಹಜ. ಅದನ್ನು ಹಾಸ್ಯಮಾಡುವುದು ಯೋಗ್ಯವಲ್ಲ. ಯೋಗವು ಹಿಂದೂಗಳ ಧರ್ಮಜೀವನದ ನೆಲದಲ್ಲಿ ಬೆಳೆದದ್ದು. ಅದನ್ನು ಮರೆಮಾಡುವುದು ಪ್ರಾಮಾಣಿಕತೆಯಲ್ಲ. ಕ್ರೈಸ್ತರಲ್ಲಿಯೂ ಇದರ ವಿಷಯವಾಗಿ ಎರಡು ಅಭಿಪ್ರಾಯಗಳಿವೆ. ದೆಶಾನೆ ಎಂಬ ಬೆನೆಡಿಕ್ಟಿನ್ ಸಂನ್ಯಾಸಿಯು ೧೯೫೬ರಲ್ಲಿಯೇ, ಯೋಗಾಭ್ಯಾಸವು ತನ್ನ ಪ್ರಾರ್ಥನೆಗೆ ನೆರವಾದುದನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಗ್ರಂಥವನ್ನು ಬರೆದನು. ರೋಮಿನ ಸಭಾಧಿಕಾರಿಗಳು ೧೯೮೯ರಲ್ಲಿ ಹೊರಡಿಸಿದ ಪತ್ರವು ಇಂಥ ಅಭ್ಯಾಸಗಳನ್ನು ಪೂರ್ತಿಯಾಗಿ ನಿಷೇಧಿಸದೆ, ಶರೀರಕ್ಕಾಗುವ ಹಿತವನ್ನೇ ಪವಿತ್ರಾತ್ಮನ ಸಾಂತ್ವನವೆಂದು ಭ್ರಮಿಸಬಾರದೆಂದು ಎಚ್ಚರಿಸಿತು.

ನಮಗೆ ತೋರುವುದೇನೆಂದರೆ, ಮೇಲೆ ಹೇಳಿದ ಚಲನೆ, ಉಸಿರಾಟ, ವಿಶ್ರಾಂತಿಗಳಲ್ಲಿ ಯಾವ ದೇವತೆಯ ಆರಾಧನೆಯೂ ಸೇರಿಲ್ಲ. ಮಂತ್ರೋಚ್ಚಾರಣೆಯು ಮನಸ್ಸಾಕ್ಷಿಗೆ ಒಪ್ಪದಿದ್ದರೆ ಅದನ್ನು ಬಿಡಬಹುದು, ಮೌನವಾಗಿ ಪ್ರಾರ್ಥಿಸಬಹುದು. ಹಾಗೆಯೂ ಮನಸ್ಸು ಒಪ್ಪದವಳು ದಿನಕ್ಕೆ ಅರ್ಧ ಗಂಟೆ ವೇಗವಾಗಿ ನಡೆದಾಡಲಿ. ಖಿನ್ನತೆಗೆ ವ್ಯಾಯಾಮವೂ ಒಳ್ಳೆಯ ಸಹಾಯಕವೇ. ಹಾಗೆಯೇ ನಮ್ಮ ಹಿಂದೂ ಪೂರ್ವ ವಿದ್ಯಾರ್ಥಿನಿಯು ತನ್ನ ಸಂಪ್ರದಾಯದಂತೆ ಓಂಕಾರದೊಡನೆ ಅಭ್ಯಾಸಮಾಡಲಿ. ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು ಈ ವಿಷಯದಲ್ಲಿ ಒಬ್ಬರನ್ನೊಬ್ಬರು ಗೌರವಿಸಲಾರದೆ ಹೋದಾರೆಂದು ನಾವು ನಂಬುವುದಿಲ್ಲ.

ಮನೆಯವರ ಕರ್ತವ್ಯ

೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮನೋವ್ಯಾಧಿಯುಳ್ಳವರನ್ನು ಶರೀರವ್ಯಾಧಿಯುಳ್ಳವರಿಗೆ ಸಮಾನವಾಗಿ ಕಾಣಬೇಕೆಂದು ವಿಧಿಸಿರುತ್ತದೆ. ಆದರೆ ಕಾಯಿದೆಯು ಆಸ್ಪತ್ರೆಯ ಬಾಗಿಲನ್ನು ತೆರೆಯಬಲ್ಲದು. ಮನೆಯ ಬಾಗಿಲನ್ನು ತೆರೆಯತಕ್ಕವರು ನಾವೇ. ತಂದೆಯು ಮಗಳ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತಂದುಕೊಡಲಿ. ತಾಯಿಯು ಆಕೆಯ ಪಕ್ಕದಲ್ಲಿ ಜಮಖಾನ ಹಾಸಿಕೊಂಡು ಕುಳಿತುಕೊಳ್ಳಲಿ. ಸಂಬಂಧವನ್ನು ಗೊತ್ತುಮಾಡುವ ಮುಂಚೆ, ಮಗಳ ಒಪ್ಪಿಗೆಯನ್ನು ಪಡೆದು, ಇದ್ದ ವಿಷಯವನ್ನು ಇದ್ದಂತೆ ಹೇಳಲಿ; ಸತ್ಯವನ್ನು ತಾಳಲಾರದ ಸಂಬಂಧವು ಮುರಿದರೆ ನಷ್ಟವೇನೂ ಇಲ್ಲ. ಹಳೆಯ ಗೆಳತಿಯು ಬಹುದಿನಗಳಿಂದ ಯಾವ ಕೂಟಕ್ಕೂ ಬಾರದಿದ್ದರೆ ಪೂರ್ವ ವಿದ್ಯಾರ್ಥಿನಿಯರು ಒಂದು ಸಾರಿ ಆಕೆಯ ಮನೆಗೆ ಹೋಗಿ ವಿಚಾರಿಸಲಿ.

ಜ್ಞಾನಾರ್ಜನೆಗಾಗಿ ನಮ್ಮಲ್ಲಿಗೆ ಬಂದ ಹೆಣ್ಣುಮಕ್ಕಳು ಜೀವನದ ಕಷ್ಟಗಳಲ್ಲಿ ಸ್ವಸ್ಥಚಿತ್ತರಾಗಿ ನಿಲ್ಲಬೇಕೆಂಬುದು ನಮ್ಮ ಹಾರೈಕೆ. ವ್ಯಾಧಿಯು ಬಂದರೆ ಅವರು ಒಂದು ಕೈಯಲ್ಲಿ ಔಷಧವನ್ನೂ ಇನ್ನೊಂದು ಕೈಯಲ್ಲಿ ಅಭ್ಯಾಸವನ್ನೂ ಹಿಡಿದು, ತಮ್ಮವರ ನಡುವೆ ತಲೆಯೆತ್ತಿ ನಡೆಯಲಿ. ಅವರೆಲ್ಲರಿಗೂ ದೇವರು ಶಾಂತಿಯನ್ನು ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.